ತಾರೀಖು ಸರಿ, ಆದರೆ ಯಾರ ತಾರೀಖು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ತಾರೀಖಿನ ಜಗಳ. ಬೆಳಿಗ್ಗೆ ಎದ್ದು ಕಣ್ಣು ಬಿಡುವ ಮೊದಲೇ ವಾಟ್ಸಾಪಿನಲ್ಲಿ 'ಇತಿಹಾಸದಲ್ಲಿ ಈ ದಿನ' ಅಂತ ಬಂದು ಬೀಳುತ್ತಲ್ಲ, ಅದರ ಪ್ರಭಾವ ಇರಬೇಕು. ಇರಲಿ, ಒಂದೊಂದಾಗಿ ನೋಡೋಣ.

ಪ್ರಶ್ನೆ: ನಮ್ಮ ಅಪ್ಪ, ದೊಡ್ಡಪ್ಪ, ಸೋದರತ್ತೆ ಮೂವರ ಜನ್ಮದಿನವೂ ಜೂನ್ 1. ಇದು ಕಾಕತಾಳೀಯವೋ, ಗ್ರಹಗತಿಯೋ? (ಶಿರಸಿ ಕಡೆಯ ಓದುಗ)

ಗ್ರಹಗತಿ ಅಲ್ಲ ಮಾರಾಯ್ರೆ, ಹೆಡ್‌ಮಾಸ್ತರ ಗತಿ! ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹುಡುಗನ ಕೈ ಹಿಡಿದುಕೊಂಡು ಬಂದ ಅಜ್ಜನಿಗೆ ತಿಥಿ ನೆನಪಿರುತ್ತಿತ್ತು, ನಕ್ಷತ್ರ ನೆನಪಿರುತ್ತಿತ್ತು, ಇಂಗ್ಲಿಷ್ ತಾರೀಖು ಮಾತ್ರ ಇಲ್ಲ. ಮಾಸ್ತರು ಹುಡುಗನ ಮುಖ ನೋಡಿ ಒಂದು ವರ್ಷ ಅಂದಾಜು ಮಾಡಿ, ಮುಂದೆ ಜೂನ್ 1 ಅಂತ ಬರೆದು ಮುಗಿಸುತ್ತಿದ್ದರು. ನನ್ನದೂ ಅದೇ ಕತೆ. ಆಯಿ ಹೇಳುವ ಪ್ರಕಾರ ನಾನು ಹುಟ್ಟಿದ್ದು ನವರಾತ್ರಿ ಕಳೆದು, ಅಡಿಕೆ ಕೊನೆ ಕೊಯ್ಲು ಶುರುವಾಗುವ ಮೊದಲು. ಸರ್ಕಾರದ ಕಾಗದದಲ್ಲಿ ಮಾತ್ರ ನಾನು ಮಳೆಗಾಲದ ಬಾಗಿಲಲ್ಲೇ ಹುಟ್ಟಿಬಿಟ್ಟಿದ್ದೇನೆ. ಇದರ ಪರಿಣಾಮ ಏನು ಗೊತ್ತಾ? ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕು ಅನ್ನುವುದು ಸರ್ಕಾರಿ ನಿಯಮ. ಅದಕ್ಕೇ ಪ್ರತಿ ಮೇ 31ಕ್ಕೆ ಕಚೇರಿ ಕಚೇರಿಯಲ್ಲೂ ಬೀಳ್ಕೊಡುಗೆ, ಶಾಲು, ಹಾರ, ಉಪ್ಪಿಟ್ಟು.

ನಿಜವಾಗಿಯೂ ಜೂನ್ 1ಕ್ಕೇ ಹುಟ್ಟಿದ ಒಬ್ಬರು ಕಾರವಾರದಲ್ಲಿ ಇದ್ದರು. 1842ರಲ್ಲಿ ಹುಟ್ಟಿದ ಸತ್ಯೇಂದ್ರನಾಥ ಟಾಗೋರ್, ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯಾದ ಐಸಿಎಸ್ ಪಾಸಾದ ಮೊದಲ ಭಾರತೀಯ. ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮನ ಬಗ್ಗೆ ಮುಂದಿನ ಪ್ರಶ್ನೆ.

ಪ್ರಶ್ನೆ: ರವೀಂದ್ರರ ಜನ್ಮದಿನ ಮೇ 7 ಅಂತ ಓದಿದ್ದೆ. ನಮ್ಮ ಪಕ್ಕದ ಮನೆಯ ಬಂಗಾಳಿ ನೌಕಾಪಡೆ ಕುಟುಂಬ ಮೇ 9ಕ್ಕೆ ಹೂವು ಹಾಕಿತು. ಯಾರು ಸರಿ? (ಕಾರವಾರ, ಕೋಡಿಬಾಗ)

ಇಬ್ಬರೂ ಸರಿ. 1861ರಲ್ಲಿ ಅವರು ಹುಟ್ಟಿದ ದಿನ ಇಂಗ್ಲಿಷ್ ಲೆಕ್ಕದಲ್ಲಿ ಮೇ 7, ಬಂಗಾಳಿ ಪಂಚಾಂಗದಲ್ಲಿ ವೈಶಾಖ 25. ನಿಮ್ಮ ಪಕ್ಕದ ಮನೆಯವರು ಆಚರಿಸುವುದು ವೈಶಾಖ 25ನ್ನು. ಅದು ಈಗ ಮೇ 8 ಅಥವಾ 9ಕ್ಕೆ ಬರುತ್ತದೆ.

ತಾರೀಖು ಯಾಕೆ ಮುಂದೆ ಸರಿಯಿತು? ಬಂಗಾಳಿ ಲೆಕ್ಕ ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅನ್ನುವುದರ ಮೇಲೆ ನಿಂತಿದೆ, ಅಂದರೆ ನಕ್ಷತ್ರಗಳನ್ನು ನೋಡಿ ಹಾಕಿದ ವರ್ಷ. ಇಂಗ್ಲಿಷ್ ಕ್ಯಾಲೆಂಡರ್ ಋತುಗಳನ್ನು ಹಿಡಿದುಕೊಂಡು ಹೋಗುತ್ತದೆ. ಎರಡೂ ವರ್ಷಗಳ ನಡುವೆ ಇಪ್ಪತ್ತು ನಿಮಿಷದಷ್ಟು ಅಂತರ. ಇಪ್ಪತ್ತು ನಿಮಿಷ ಅಂದರೆ ಏನು ಮಹಾ ಅನ್ನಿಸುತ್ತೆ, ಆದರೆ ಹನಿಗೂಡಿ ಹಳ್ಳ ಅನ್ನುವಂತೆ ಎಪ್ಪತ್ತು ವರ್ಷ ಸೇರಿದರೆ ಸುಮಾರು ಒಂದು ದಿನವೇ ಆಗಿಬಿಡುತ್ತದೆ. ಇದೇ ಕಾರಣಕ್ಕೆ ನಮ್ಮ ಸಂಕ್ರಾಂತಿಯೂ ನಿಧಾನಕ್ಕೆ ಮುಂದೆ ಜಾರುತ್ತಿದೆ. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ಕ್ಕೆ, ಅವತ್ತು ಮಕರ ಸಂಕ್ರಾಂತಿ! ಈಗ 14 ಅಥವಾ 15. ಹಾಗಾಗಿ 'ಸಂಕ್ರಾಂತಿ ಯಾವತ್ತೂ ಜನವರಿ 14ಕ್ಕೇ' ಅನ್ನುವ ಮಾತನ್ನು ನಂಬಬೇಡಿ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಎಳ್ಳು ಬೆಲ್ಲ ಹಂಚುವ ತಾರೀಖು ಇನ್ನೂ ಮುಂದೆ ಹೋಗಿರುತ್ತದೆ.

ಅಂದಹಾಗೆ ರವೀಂದ್ರರು ಅಣ್ಣನ ಮನೆಗೆ ಅಂತ ಕಾರವಾರಕ್ಕೆ ಬಂದಾಗ ಇಪ್ಪತ್ತೆರಡರ ಆಸುಪಾಸಿನ ಹುಡುಗ. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋಗಿದ್ದನ್ನು ಎಷ್ಟೋ ವರ್ಷಗಳ ನಂತರವೂ ನೆನೆದು ಬರೆದರು. ಆ ಬಿಳಿ ಗಡ್ಡದ ಫೋಟೋ ನೋಡಿ ನೋಡಿ ನಮಗೆ ಅವರು ಹುಡುಗರಾಗಿ ನಮ್ಮ ಕಡಲತಡಿಯಲ್ಲಿ ಓಡಾಡಿದ್ದು ಕಲ್ಪನೆಗೇ ಬರುವುದಿಲ್ಲ, ಅಲ್ವಾ?

ಪ್ರಶ್ನೆ: ಶಿವಾಜಿ ಮಹಾರಾಜರು ಫೆಬ್ರವರಿ ತಿಂಗಳಲ್ಲಿ ಕಾರವಾರಕ್ಕೆ ಬಂದಿದ್ದರು ಅಂತ ಓದಿದೆ. ಒಂದು ಕಡೆ 1664, ಇನ್ನೊಂದು ಕಡೆ 1665 ಅಂತ ಇದೆ. ಎರಡು ವರ್ಷ ಬಂದಿದ್ದರೇ, ಅಚ್ಚಿನ ತಪ್ಪೇ? (ಕುಮಟಾ, ಕಾಲೇಜು ವಿದ್ಯಾರ್ಥಿನಿ)

ನನಗೆ ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಇದೇ ಬೆಸ್ಟ್. ಅಚ್ಚಿನ ತಪ್ಪೂ ಅಲ್ಲ, ಎರಡು ಸಲದ್ದೂ ಅಲ್ಲ.

ಇಂಗ್ಲಿಷರು 1638ರಲ್ಲೇ ಕಾರವಾರದಲ್ಲಿ ವಖಾರಿ, ಅಂದರೆ ವ್ಯಾಪಾರದ ಕೋಠಿ, ಹಾಕಿಕೊಂಡಿದ್ದರು. ಮೆಣಸಿನ ಕಾಳಿನ ಆಸೆ. ಶಿವಾಜಿ ಬಂದಾಗ ಊರು ಉಳಿಯಬೇಕಾದರೆ ಹಣ ಕೊಡಿ ಅಂದರು, ಇಂಗ್ಲಿಷ್ ವಖಾರಿಯ ಪಾಲಿಗೆ ಬಂದಿದ್ದು 112 ಪೌಂಡ್. ವ್ಯಾಪಾರಿಗಳಲ್ವಾ, ಲೆಕ್ಕ ಬರೆದಿಟ್ಟರು. ಆದರೆ ಆ ಕಾಲದ ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಅಂದರೆ ನಾವು 1665ರ ಫೆಬ್ರವರಿ ಅನ್ನುವುದು ಅವರ ಕಾಗದದಲ್ಲಿ ಇನ್ನೂ 1664ರ ಫೆಬ್ರವರಿ. ಕಾಗದ ನೋಡಿ ಹಾಗೇ ಇಳಿಸಿಕೊಂಡವರು 1664 ಅಂದರು, ಲೆಕ್ಕ ತಿದ್ದಿದವರು 1665 ಅಂದರು. ನೀವು 1665 ಅಂತಲೇ ಬರೆಯಿರಿ.

ಇಷ್ಟಕ್ಕೇ ಮುಗಿಯಲಿಲ್ಲ. ವರ್ಷ ಮಾತ್ರ ಅಲ್ಲ, ತಾರೀಖೂ ಬೇರೆ! 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್ ರಿಪೇರಿ ಮಾಡಿದರು. ಹಳೆ ಜೂಲಿಯನ್ ಲೆಕ್ಕ ಋತುಗಳಿಂದ ಹತ್ತು ದಿನ ಹಿಂದೆ ಬಿದ್ದಿತ್ತು. ಹಾಗಾಗಿ ಅಕ್ಟೋಬರ್ 4, ಗುರುವಾರ ಮಲಗಿದವರು ಎದ್ದಾಗ ಅಕ್ಟೋಬರ್ 15, ಶುಕ್ರವಾರ. ಪೋರ್ಚುಗೀಸರು ಪೋಪ್ ಮಾತು ಕೇಳುವವರು, ಬೇಗ ಒಪ್ಪಿಕೊಂಡರು. ಇಂಗ್ಲಿಷರಿಗೆ ಪೋಪ್ ಅಂದರೆ ಆಗಿಬರುತ್ತಿರಲಿಲ್ಲ, 1752ರವರೆಗೆ ಹಠ ಹಿಡಿದು ಕೂತರು. ನಡುವಿನ ಆ ನೂರೆಪ್ಪತ್ತು ವರ್ಷ ಗೋವಾದಲ್ಲಿ ಒಂದು ತಾರೀಖು, ಕಾರವಾರದ ವಖಾರಿಯಲ್ಲಿ ಇನ್ನೊಂದು. ಫೆಬ್ರವರಿ 8ಕ್ಕೆ ಇಲ್ಲಿಂದ ಪತ್ರ ಹೊತ್ತು ಹೊರಟವನು ಎರಡು ದಿನದಲ್ಲಿ ಗೋವಾ ಮುಟ್ಟಿದ ಅಂತಿಟ್ಟುಕೊಳ್ಳಿ, ಅಲ್ಲಿ ಆಗಲೇ ಫೆಬ್ರವರಿ 20.

ಸುಮ್ನೆ ಲೆಕ್ಕಕ್ಕೆ ಹೇಳುತ್ತಿಲ್ಲ, ಅದೇ 1665ರ ಫೆಬ್ರವರಿಯಲ್ಲೇ ಒಂದು ಪಕ್ಕಾ ಉದಾಹರಣೆ ಇದೆ. ಪೋರ್ಚುಗಲ್ ರಾಜಕುಮಾರಿಯ ವರದಕ್ಷಿಣೆಯಾಗಿ ಬೊಂಬಾಯಿ ಇಂಗ್ಲೆಂಡಿನ ರಾಜನಿಗೆ ಬಂದಿತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಸೈನ್ಯಕ್ಕೆ ಅಲ್ಲಿದ್ದ ಪೋರ್ಚುಗೀಸರು ಇಳಿಯಲು ಬಿಡಲಿಲ್ಲ. ಎಲ್ಲಿಗೆ ಹೋಗುವುದು? ಕಾರವಾರದ ಹತ್ತಿರದ ನಮ್ಮ ಅಂಜುದೀವು ದ್ವೀಪಕ್ಕೆ ಬಂದು ಬಿಡಾರ ಹೂಡಿದರು. ನಮ್ಮ ಮಳೆಗಾಲ ಅವರಿಗೆ ಹೇಗೆ ತಡೆದೀತು! ಜ್ವರ, ಭೇದಿ, ಹಸಿವು. ನೂರಾರು ಸಿಪಾಯಿಗಳು, ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ, ಆ ದ್ವೀಪದಲ್ಲೇ ಮಣ್ಣಾದರು. ಉಳಿದ ಸ್ವಲ್ಪ ಜನರನ್ನು ಕರೆದುಕೊಂಡು ಹಂಫ್ರಿ ಕುಕ್ ಅನ್ನುವವನು ಕೊನೆಗೂ ಬೊಂಬಾಯಿ ಪಡೆದ. ಯಾವಾಗ? ಇಂಗ್ಲಿಷರ ಪ್ರಕಾರ ಫೆಬ್ರವರಿ 8. ಪೋರ್ಚುಗೀಸರ ಪತ್ರದಲ್ಲಿ ಫೆಬ್ರವರಿ 18. ಒಂದೇ ದಿನ, ಒಂದೇ ಸಮಾರಂಭ! ಮುಂಬಯಿ ಇವತ್ತು ಏನಾಗಿದೆಯೋ ಅದರ ಒಂದು ಬೇರು ನಮ್ಮ ಬಿಣಗಾ ಎದುರಿನ ದ್ವೀಪದ ಗೋರಿಗಳಲ್ಲಿದೆ ಅಂತ ಎಷ್ಟು ಜನರಿಗೆ ಗೊತ್ತು?

ಇನ್ನೊಂದು ಬಾಲ: ಇಂಗ್ಲೆಂಡಿನಲ್ಲಿ ಈಗಲೂ ಆದಾಯ ತೆರಿಗೆಯ ವರ್ಷ ಏಪ್ರಿಲ್ 6ಕ್ಕೆ ಶುರು. ಅದು ಆ ಹಳೆ ಮಾರ್ಚ್ 25, ಕ್ಯಾಲೆಂಡರ್ ತಿದ್ದಿದಾಗ ಮುಂದಕ್ಕೆ ತಳ್ಳಿಸಿಕೊಂಡು ಅಲ್ಲಿಗೆ ಬಂದು ನಿಂತದ್ದು.

ಪ್ರಶ್ನೆ: ಡಿಸೆಂಬರ್ 4, ನೌಕಾಪಡೆ ದಿನ. ಮೊಮ್ಮಗ ಶಾಲೆಯ ಬೋರ್ಡಿನಲ್ಲಿ '1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ನಮ್ಮ ಕಾರವಾರದ ಚಪಲ್ ಹಡಗು' ಅಂತ ಬರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸರಿ ತಾನೇ? (ಕಾರವಾರ)

ಚಪ್ಪಾಳೆ ವಾಪಸ್ ಕೇಳಬೇಡಿ, ಆದರೆ ಸರಿ ಅಲ್ಲ. ನಮ್ಮ ಕಡಲತಡಿಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ಯುದ್ಧ ಮುಗಿದು ಐದು ವರ್ಷದ ಮೇಲೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಬಾಗಿಲಿಗೆ ಹೋಗಿ ಕ್ಷಿಪಣಿ ಬಿಟ್ಟ ಮೂರು ದೋಣಿಗಳು ನಿಪತ್, ನಿರ್ಘಾತ್ ಮತ್ತು ವೀರ್. ಚಪಲ್ ಅದೇ ಜಾತಿಯ ರಷ್ಯನ್ ದೋಣಿಯ ಮುಂದಿನ ತಲೆಮಾರು, ತಮ್ಮ ಅನ್ನಿ. ಅಣ್ಣನ ಪರಾಕ್ರಮವನ್ನು ತಮ್ಮನ ಹೆಸರಿಗೆ ಹಚ್ಚುವುದು ನಮ್ಮಲ್ಲಿ ಹೊಸದೇನಲ್ಲ. ಈ ತಪ್ಪು ಪ್ರವಾಸಿಗಳಿಗೆ ಅಂತ ಬರೆದ ಬರಹಗಳಲ್ಲೂ ಓಡಾಡುತ್ತಿದೆ, ಹುಡುಗನನ್ನು ಬೈಯಬೇಡಿ.

ಅವನಿಗೆ ಒಳ್ಳೆಯ ತಾರೀಖು ಬೇಕಿದ್ದರೆ ಏಪ್ರಿಲ್ 8 ಕೊಡಿ. ಚಪಲ್ ಪಕ್ಕದಲ್ಲೇ ಪ್ರತಿಮೆಯಾಗಿ ನಿಂತಿದ್ದಾರಲ್ಲ, ಚೆಂಡಿಯಾ ಮೂಲದ ರಾಮಾ ರಾಘೋಬಾ ರಾಣೆ, 1948ರ ಆ ದಿನದಿಂದ ಶುರುಮಾಡಿ ಮೂರ್ನಾಲ್ಕು ದಿನ ಕಾಶ್ಮೀರದ ನೌಶೇರಾ–ರಜೌರಿ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬ್ ತೆಗೆದು, ಅಡ್ಡ ಬಿದ್ದ ಮರ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಅದಕ್ಕೆ ಪರಮವೀರ ಚಕ್ರ.

ಪ್ರಶ್ನೆ: ನಾನು ಗೋವಾದಲ್ಲಿ ಕೆಲಸ ಮಾಡುವವನು. ಡಿಸೆಂಬರ್ 19ಕ್ಕೆ ಅಲ್ಲಿ ರಜೆ. ಕಾರವಾರದವರಿಗೂ ಆ ದಿನಕ್ಕೂ ಏನಾದರೂ ಸಂಬಂಧ ಇದೆಯಾ? (ಸದಾಶಿವಗಡ)

ಇದೆ. 1961ರಲ್ಲಿ ಅಂಜುದೀವು ಪೋರ್ಚುಗೀಸರ ಕೈಯಲ್ಲಿತ್ತು. ಆ ನವೆಂಬರ್‌ನಲ್ಲಿ ದ್ವೀಪದಿಂದ ಸಾಬರಮತಿ ಅನ್ನುವ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿತು, ಸಿಟ್ಟು ಕುದಿಯಿತು. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆಯ ಹುಡುಗರು ದ್ವೀಪಕ್ಕೆ ಇಳಿದರು, ಏಳು ಜನ ಜೀವ ಬಿಟ್ಟರು. ಮರುದಿನ ಗೋವಾ ಬಿಡುಗಡೆ. ಇವತ್ತು ಅಂಜುದೀವು ಕದಂಬ ನೌಕಾನೆಲೆಯ ಒಳಗಿದೆ, ಆದರೆ ಕಾಗದದಲ್ಲಿ ಗೋವಾಕ್ಕೆ ಸೇರಿದ್ದು. ಬಿಣಗಾದ ಅಂಗಳದಲ್ಲಿ ಕೂತ ದ್ವೀಪ, ಪಹಣಿ ಮಾತ್ರ ಪಕ್ಕದ ರಾಜ್ಯದ್ದು!

ಪ್ರಶ್ನೆ: ಅಂಕೋಲೆಯ ಉಪ್ಪಿನ ಸತ್ಯಾಗ್ರಹ ದಂಡಿಯ ದಿನವೇ ನಡೆಯಿತಾ? (ಅಂಕೋಲಾ)

ಇಲ್ಲ, ಒಂದು ವಾರ ತಡ. ದಂಡಿಯಲ್ಲಿ 1930ರ ಏಪ್ರಿಲ್ 6, ಅಂಕೋಲೆಯಲ್ಲಿ ಏಪ್ರಿಲ್ 13, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ. ಏಪ್ರಿಲ್ 13 ಅಂದರೆ ಜಲಿಯನ್‌ವಾಲಾಬಾಗ್ ದಿನ. ಆಗ 6ರಿಂದ 13ರವರೆಗೆ ರಾಷ್ಟ್ರೀಯ ಸಪ್ತಾಹ ಅಂತ ಆಚರಿಸುತ್ತಿದ್ದರು. ದಂಡಿ ಆ ವಾರದ ಮೊದಲ ದಿನ, ಅಂಕೋಲೆ ಕೊನೆಯ ದಿನ.

ಪ್ರಶ್ನೆ: ತಾರೀಖಿಗೆ ಹಣೆಬರಹ ಇರುತ್ತಾ? (ಮಲ್ಲಾಪುರ)

ನನಗೆ ನಂಬಿಕೆ ಇಲ್ಲ. ಆದರೂ ನಿಮ್ಮ ಪಕ್ಕದ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದು ಕತೆ ಹೇಳುತ್ತೇನೆ. 1994ರ ಮೇ 13ಕ್ಕೆ, ಕಟ್ಟುತ್ತಿದ್ದ ಮೊದಲನೇ ಘಟಕದ ಕಾಂಕ್ರೀಟ್ ಗುಮ್ಮಟದ ಒಳಭಾಗ ಕಳಚಿ ಕೆಳಗೆ ಬಿತ್ತು. ಇಂಧನ ಇನ್ನೂ ಹಾಕಿರಲಿಲ್ಲ. ವಿನ್ಯಾಸವನ್ನೇ ತಿದ್ದಿ ಮತ್ತೆ ಕಟ್ಟಿದರು, 2000ದ ನವೆಂಬರ್‌ನಲ್ಲಿ ಅದು ವಾಣಿಜ್ಯ ಉತ್ಪಾದನೆ ಶುರು ಮಾಡಿತು. ಅದೇ ಘಟಕ 2016ರಲ್ಲಿ ಒಂದು ದಿನ ಚಾಲೂ ಆಗಿದ್ದು ಒಮ್ಮೆಯೂ ನಿಲ್ಲದೆ 2018ರ ಡಿಸೆಂಬರ್ 31ರವರೆಗೆ, ಅಂದರೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಶುರುವಾದ ದಿನ ಯಾವುದು ಹೇಳಿ? ಮೇ 13! ಕೆನಡಾದ ಡಾರ್ಲಿಂಗ್ಟನ್ ಘಟಕ ಆಮೇಲೆ ಆ ದಾಖಲೆ ಮುರಿಯಿತು, ಅದು ಬೇರೆ ಮಾತು.

ಪ್ರಶ್ನೆ: ನಾನು ಫೆಬ್ರವರಿ 29ಕ್ಕೆ ಹುಟ್ಟಿದವಳು. ನಾಲ್ಕು ವರ್ಷಕ್ಕೊಂದೇ ಬರ್ತ್‌ಡೇ ಅಂತ ಎಲ್ಲರೂ ನಗುತ್ತಾರೆ. (ಹೊನ್ನಾವರ)

ಮೊರಾರ್ಜಿ ದೇಸಾಯಿಯವರನ್ನು ನೆನೆಯಿರಿ. ಅವರು ಹುಟ್ಟಿದ್ದು 1896ರ ಫೆಬ್ರವರಿ 29. ನಾಲ್ಕು ವರ್ಷ ಕಾದರೆ 1900. ಆದರೆ ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾಗದಿದ್ದರೆ ಅಧಿಕ ವರ್ಷ ಅಲ್ಲ, ಅದೂ ಆ ಪೋಪ್ ಗ್ರೆಗರಿಯ ತಿದ್ದುಪಡಿಯೇ. ಹೀಗಾಗಿ ಪಾಪ, ಅವರ ಮೊದಲ 'ನಿಜ' ಹುಟ್ಟುಹಬ್ಬ ಬಂದಿದ್ದು 1904ಕ್ಕೆ, ಎಂಟು ವರ್ಷಕ್ಕೆ. ತೊಂಬತ್ತೊಂಬತ್ತು ವರ್ಷ ಬದುಕಿ ಅವರಿಗೆ ಸಿಕ್ಕಿದ್ದು ಬರೀ 23. ನಿಮಗೆ ಅಂಥ ತೊಂದರೆ ಇಲ್ಲ, 2000 ನಾನೂರರಿಂದ ಭಾಗವಾಗುವ ವರ್ಷವಾದ್ದರಿಂದ ಅಲ್ಲೂ 29 ಇತ್ತು. ಮುಂದಿನದು 2028ಕ್ಕೆ, ಮಂಗಳವಾರ. ಸೋಮವಾರ ಅಲ್ಲವಲ್ಲ, ಮೀನೂಟಕ್ಕೆ ಅಡ್ಡಿಯಿಲ್ಲ.