ಬೆಳಗಿನ ಹೊತ್ತು ಮಾತ್ರ ಟ್ರಿಪ್ ಆಗುವ ಬಿಸಿನೀರಿನ ಪಂಪು

ಪ್ರಶ್ನೆ: ನಮ್ಮದು ನಾಲ್ಕು ಅಂತಸ್ತಿನ ಹಾಸ್ಟೆಲ್. ಬಾಯ್ಲರ್ ನೀರನ್ನು ಎಲ್ಲ ಮಹಡಿಗೂ ಸುತ್ತಿಸಲು 5 ಎಚ್‌ಪಿಯ ಎರಡು ತ್ರೀ ಫೇಸ್ ಪಂಪುಗಳಿವೆ. ಒಂದು ಓಡುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ. ನೇಮ್ ಪ್ಲೇಟ್ ಮೇಲೆ 7.5 ಆಂಪಿಯರ್ ಇದೆ, ಓವರ್‌ಲೋಡ್ ರಿಲೇಯೂ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ, ಅಂದರೆ ಟ್ರಿಪ್ ಮಾಡುವ ಸಾಧನ) ಅಷ್ಟಕ್ಕೇ ಸೆಟ್ ಆಗಿದೆ. ಬೆಳಿಗ್ಗೆ ಐದೂವರೆಗೆ ಶುರು ಮಾಡಿದರೆ ಮುಕ್ಕಾಲು ಗಂಟೆಯೊಳಗೆ ಟ್ರಿಪ್. ಮಧ್ಯಾಹ್ನ ಎಷ್ಟು ಓಡಿಸಿದರೂ ಏನೂ ಆಗುವುದಿಲ್ಲ. ಮೋಟಾರ್ ರಿವೈಂಡಿಂಗ್ ಆಯಿತು, ಬೇರಿಂಗೂ ಬದಲಾಯಿತು. ಟ್ರಿಪ್ ಆಗುವ ಮುಂಚೆ ಟಾಂಗ್ ಟೆಸ್ಟರ್‌ನಲ್ಲಿ (ವೈರನ್ನು ಸುತ್ತುವರಿದು ಕರೆಂಟ್ ಅಳೆಯುವ ಮೀಟರ್) ಮೂರು ಫೇಸ್‌ಗಳಾದ ಆರ್ 7.1, ವೈ 9.0, ಬಿ 6.7 ಬಂತು. ರಿಲೇಯನ್ನು 9.5ಕ್ಕೆ ಏರಿಸಬಹುದೇ?
– ಹಾಸ್ಟೆಲ್ ಎಲೆಕ್ಟ್ರಿಷಿಯನ್, ಧಾರವಾಡ

ಉತ್ತರ: ದಯವಿಟ್ಟು ಏರಿಸಬೇಡಿ. ರಿಲೇ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ವೈ ಫೇಸ್‌ನ 9.0 ಆಂಪಿಯರ್ ಅಂದರೆ ಸೆಟ್ಟಿಂಗಿನ 1.2 ಪಟ್ಟು. ಮೂರು ಫೇಸೂ ಸಮನಾಗಿ ಅಷ್ಟಿದ್ದರೂ ರಿಲೇ ಎರಡು ಗಂಟೆಯೊಳಗೆ ಟ್ರಿಪ್ ಆಗಲೇಬೇಕು. ಫೇಸುಗಳು ಏರುಪೇರಾಗಿದ್ದರೆ ಇನ್ನೂ ಬೇಗ ಟ್ರಿಪ್ ಆಗುತ್ತದೆ. 9.5ಕ್ಕೆ ತಿರುಗಿಸಿದರೆ ಟ್ರಿಪ್ ನಿಲ್ಲುತ್ತದೆ, ಹೊಸದಾಗಿ ಸುತ್ತಿಸಿದ ವೈಂಡಿಂಗ್ ಮತ್ತೆ ಸುಡುತ್ತದೆ.

ನೀವು ಮೂರೂ ಫೇಸ್ ಅಳೆದು ಬರೆದದ್ದರಿಂದ ಅರ್ಧ ಕೆಲಸ ಮುಗಿದಿದೆ. ಮೂರರಲ್ಲೂ ಕರೆಂಟ್ ಸಮವಾಗಿ ಜಾಸ್ತಿ ಇದ್ದರೆ ದೋಷವನ್ನು ಪಂಪು, ಪೈಪು, ವಾಲ್ವ್ ಕಡೆ ಹುಡುಕಬೇಕು. ಒಂದರಲ್ಲಿ ಮಾತ್ರ ಜಾಸ್ತಿ ಇದ್ದರೆ ಅದು ವಿದ್ಯುತ್ತಿನದೇ ದೋಷ. ನಿಮ್ಮ ಸರಾಸರಿ 7.6, ವೈ ಅದಕ್ಕಿಂತ 1.4 ಹೆಚ್ಚು, ಏರುಪೇರು ಶೇ. 18. ಬೇರಿಂಗ್‌ನಿಂದ ಹೀಗಾಗುವುದಿಲ್ಲ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ನಾಳೆ ಬೆಳಿಗ್ಗೆ ಅದೇ ಹೊತ್ತಿಗೆ ಸ್ಟ್ಯಾಂಡ್‌ಬೈ ಪಂಪು ಓಡಿಸಿ ಮೂರು ಫೇಸ್ ಅಳೆಯಿರಿ. ಅದರಲ್ಲೂ ವೈ ಜಾಸ್ತಿ ಬಂದರೆ ಮೋಟಾರಿನ ಮೇಲೆ ಅನುಮಾನ ಬಿಟ್ಟು ಸಪ್ಲೈ ನೋಡಿ. ಪಂಪ್ ಪ್ಯಾನೆಲ್‌ಗೆ ಬರುವ ಕಡೆ ಆರ್‌–ವೈ, ವೈ–ಬಿ, ಬಿ–ಆರ್ ವೋಲ್ಟೇಜನ್ನು ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಒಮ್ಮೆ ಬರೆದಿಡಿ. ಉದಾಹರಣೆಗೆ 418, 412, 400 ಬಂತೆನ್ನಿ. ಸರಾಸರಿ 410, ಅತಿ ದೊಡ್ಡ ವ್ಯತ್ಯಾಸ 10. ಅಂದರೆ ಏರುಪೇರು ಸುಮಾರು ಶೇ. 2.4. ನೋಡಲು ಸಣ್ಣದು. ಆದರೆ ವೋಲ್ಟೇಜಿನ ಒಂದೊಂದು ಶೇಕಡಾ ಏರುಪೇರಿಗೆ ಕರೆಂಟಿನ ಏರುಪೇರು ಆರರಿಂದ ಹತ್ತು ಪಟ್ಟು ಆಗುತ್ತದೆ. ಶೇ. 1ರೊಳಗಿದ್ದರೆ ಚಿಂತೆಯಿಲ್ಲ, ಶೇ. 5 ದಾಟಿದರೆ ಮೋಟಾರ್ ಓಡಿಸಲೇಬಾರದು.

ಬೆಳಿಗ್ಗೆ ಮಾತ್ರ ಯಾಕೆ? ಆ ಹೊತ್ತಿನಲ್ಲಿ ಹಾಸ್ಟೆಲಿನಲ್ಲಿ ಗೀಸರ್, ಇಮ್ಮರ್ಶನ್ ರಾಡ್, ಅಡುಗೆಮನೆಯ ಹೀಟರ್ ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಅವೆಲ್ಲ ಸಿಂಗಲ್ ಫೇಸ್. ಒಂದಿಡೀ ಬ್ಲಾಕ್ ಒಂದೇ ಫೇಸ್ ಮೇಲೆ ಕೂತಿದ್ದರೆ ಆ ಫೇಸ್‌ನ ವೋಲ್ಟೇಜ್ ಕುಸಿಯುತ್ತದೆ. ಮೇನ್ ಪ್ಯಾನೆಲ್‌ನಲ್ಲಿ ಆರು ಗಂಟೆಗೆ ಮೂರೂ ಫೇಸ್‌ಗಳ ಕರೆಂಟ್ ಅಳೆದರೆ ಇದು ತಿಳಿಯುತ್ತದೆ. ಲೋಡನ್ನು ಹಂಚಿಹಾಕುವುದೇ ಪರಿಹಾರ. ಕಟ್ಟಡದ ಲೋಡೆಲ್ಲ ತೆಗೆದ ಮೇಲೂ ಮೀಟರ್ ಬಳಿ ಏರುಪೇರು ಉಳಿದರೆ ಮಾತ್ರ ಹೆಸ್ಕಾಂಗೆ ದೂರು ಕೊಡಿ.

ಸ್ಟ್ಯಾಂಡ್‌ಬೈ ಸರಿಯಾಗಿ ಓಡಿ ಮೊದಲ ಪಂಪಿನಲ್ಲಿ ಮಾತ್ರ ಏರುಪೇರು ಕಂಡರೆ, ಅದರ ಸ್ಟಾರ್ಟರ್‌ನಿಂದ ಹೋಗುವ ಮೂರು ವೈರುಗಳನ್ನೂ ಮೋಟಾರ್ ಟರ್ಮಿನಲ್‌ನಲ್ಲಿ ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ. ಮೂರನ್ನೂ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ; ಎರಡನ್ನು ಮಾತ್ರ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಈಗಲೂ ವೈ ವೈರಿನಲ್ಲೇ ಜಾಸ್ತಿ ಕರೆಂಟ್ ಇದ್ದರೆ ದೋಷ ಸ್ಟಾರ್ಟರ್ ಕಡೆ. ಜಾಸ್ತಿ ಕರೆಂಟ್ ಬೇರೆ ವೈರಿಗೆ ಹೋದರೆ ರಿವೈಂಡಿಂಗ್ ಕೆಟ್ಟಿದೆ.

ಸ್ಟಾರ್ಟರ್ ಕಡೆಯಾದರೆ ಪಂಪು ಓಡುತ್ತಿರುವಾಗ, ಅದರೊಳಗೆ ಮೋಟಾರಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಒಂದೇ ಪೋಲ್‌ನ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ ಎಸಿ ವೋಲ್ಟೇಜ್ ನೋಡಿ. ಒಳ್ಳೆಯ ಪೋಲ್‌ನಲ್ಲಿ ಕೆಲವು ಹತ್ತು ಮಿಲಿವೋಲ್ಟ್ ಅಷ್ಟೆ. ಅರ್ಧ ವೋಲ್ಟ್ ಬಂದರೆ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಲಗ್ ಸಡಿಲವಿದೆ. ಆ ಬಿಸಿ ಕೆಳಗೇ ಇರುವ ರಿಲೇಗೂ ಇಳಿಯುತ್ತದೆ, ಹಾಗಾಗಿ ಕರೆಂಟ್ ಸರಿಯಿದ್ದರೂ ಸುಳ್ಳು ಟ್ರಿಪ್ ಆಗಬಹುದು. ಇದು ಜೀವಂತ ಲೈನಿನ ಕೆಲಸ: ಇನ್ಸುಲೇಟೆಡ್ ಪ್ರೋಬ್, ರಬ್ಬರ್ ಮ್ಯಾಟ್ ಇರಲಿ, ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲಿ. ಸ್ಕ್ರೂ ಬಿಗಿ ಮಾಡುವ ಕೆಲಸವನ್ನಂತೂ ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಮೀಟರ್‌ನಿಂದ ಖಾತ್ರಿಪಡಿಸಿಕೊಂಡೇ ಮಾಡಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಬಿಸಿನೀರಿನ ಪಂಪು ಮ್ಯಾನ್ಯುಯಲ್‌ನಲ್ಲಿ ಓಡುತ್ತದೆ, ಆಟೋದಲ್ಲಿ ಇಲ್ಲ. ಕಾಂಟ್ಯಾಕ್ಟರ್ ಬದಲಾಯಿಸಿದರೂ ಹಾಗೇ.
– ನಿರ್ವಹಣಾ ಮೇಲ್ವಿಚಾರಕರು, ಮೈಸೂರು

ಉತ್ತರ: ಮ್ಯಾನ್ಯುಯಲ್‌ನಲ್ಲಿ ಓಡುವುದರಿಂದ ಮೋಟಾರ್, ಕಾಂಟ್ಯಾಕ್ಟರ್, ರಿಲೇ ಎಲ್ಲವೂ ಸರಿ ಇವೆ. ದೋಷ ಆಟೋ ಸ್ಥಾನದಿಂದ ಕಾಂಟ್ಯಾಕ್ಟರ್‌ನ ಕಾಯಿಲ್‌ವರೆಗಿನ ಸಾಲಿನಲ್ಲಿದೆ: ಸೆಲೆಕ್ಟರ್ ಸ್ವಿಚ್, ಟೈಮರ್, ಥರ್ಮೋಸ್ಟಾಟ್, ಟ್ಯಾಂಕಿನ ಫ್ಲೋಟ್ ಸ್ವಿಚ್. ಕಂಟ್ರೋಲ್ 230 ವೋಲ್ಟ್ ಆಗಿದ್ದರೆ ಒಂದು ಪ್ರೋಬ್ ನ್ಯೂಟ್ರಲ್ ಮೇಲಿಟ್ಟು, ಇನ್ನೊಂದರಿಂದ ಸಾಲಿನ ಒಂದೊಂದೇ ಟರ್ಮಿನಲ್ ಮುಟ್ಟುತ್ತಾ ಹೋಗಿ. 230 ಎಲ್ಲಿ ಮಾಯವಾಗುತ್ತದೋ ಅದರ ಹಿಂದಿನ ಕಾಂಟ್ಯಾಕ್ಟೇ ತೆರೆದಿದೆ. ಉದ್ದ ಕೇಬಲ್‌ನಲ್ಲಿ ಡಿಜಿಟಲ್ ಮೀಟರ್ 60–100 ವೋಲ್ಟಿನ ಸುಳ್ಳು ರೀಡಿಂಗ್ ತೋರಿಸಬಹುದು; ಅನುಮಾನ ಬಂದರೆ ಟೆಸ್ಟ್ ಲ್ಯಾಂಪ್ ಬಳಸಿ.

ನೋಡಬೇಕಾದ ಇನ್ನೊಂದು ಜಾಗ ಥರ್ಮೋಸ್ಟಾಟ್ ಸೆನ್ಸರ್ ಕೂರುವ ಪಾಕೆಟ್. ಬೋರ್‌ವೆಲ್ ನೀರಿನ ಸುಣ್ಣ ಅದರ ಹೊರಗೆ ಕಟ್ಟಿರುತ್ತದೆ, ಒಳಗೆ ಸೆನ್ಸರ್ ಸಡಿಲವಾಗಿರುತ್ತದೆ. ಆಗ ನೀರು ಬಿಸಿಯಾದದ್ದು ಅದಕ್ಕೆ ಗೊತ್ತಾಗುವುದೇ ತಡವಾಗಿ. ಸುಣ್ಣ ಕೆರೆದು, ಒಳಗೆ ಹೀಟ್ ಪೇಸ್ಟ್ ಹಚ್ಚಿ ಕೂರಿಸಿ. ಒಂದು ಎಚ್ಚರ: ಥರ್ಮೋಸ್ಟಾಟ್‌ಗೆ ಸಪ್ಲೈ ಬೇರೆ ಪ್ಯಾನೆಲ್‌ನಿಂದ ಬಂದಿರಬಹುದು. ಪಂಪಿನ ಐಸೊಲೇಟರ್ ಆಫ್ ಇದ್ದರೂ ಆ ವೈರಿನಲ್ಲಿ ಕರೆಂಟ್ ಇರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ರೆಸಾರ್ಟಿನ ಬಿಸಿನೀರಿನ ಪಂಪು ಹಾಕಿದ ಕೂಡಲೇ, ಕರೆಂಟ್ ಭೂಮಿಗೆ ಸೋರಿದರೆ ಸಪ್ಲೈ ಕಡಿಯುವ ಆರ್‌ಸಿಸಿಬಿ ಬೀಳುತ್ತದೆ.
– ಮಡಿಕೇರಿ

ಉತ್ತರ: ಸಪ್ಲೈ ಆಫ್ ಮಾಡಿ, ಮೋಟಾರಿನ ವೈರುಗಳನ್ನು ಬಿಚ್ಚಿ ಇನ್ಸುಲೇಶನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಿಂದ ವೈಂಡಿಂಗ್–ಬಾಡಿ ನಡುವೆ ಒಂದು ನಿಮಿಷ ಅಳೆಯಿರಿ. ಕೇಬಲನ್ನೂ ಬೇರೆಯಾಗಿ ಅಳೆಯಿರಿ. ಡ್ರೈವ್ ಅಥವಾ ಎಲೆಕ್ಟ್ರಾನಿಕ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ) ಜೋಡಿಸಿಟ್ಟು ಮೆಗ್ಗರ್ ತಿರುಗಿಸಿದರೆ ಅವು ಸತ್ತೇ ಹೋಗುತ್ತವೆ. ಮೋಟಾರಿನಲ್ಲಿ 1 ಮೆಗಾ ಓಂಗಿಂತ ಕಡಿಮೆ ಬಂದರೆ ಸ್ಟಾರ್ಟ್ ಮಾಡಬೇಡಿ. ಟರ್ಮಿನಲ್ ಬಾಕ್ಸ್‌ನ ಗ್ಯಾಸ್ಕೆಟ್, ಕೇಬಲ್ ಗ್ಲ್ಯಾಂಡ್ ನೋಡಿ. ಮೆಕ್ಯಾನಿಕಲ್ ಸೀಲ್ (ಪಂಪಿನ ಶಾಫ್ಟಿನ ಬಳಿ ನೀರು ತಡೆಯುವ ಸೀಲ್) ಸೋರಿ ಹನಿ ಮೋಟಾರ್ ಕಡೆ ಹೋಗುತ್ತಿದೆಯೇ ಎಂದೂ ನೋಡಿ. ಸೀಲ್ ಬದಲಿಸದೆ ವೈಂಡಿಂಗ್ ಒಣಗಿಸಿ ಪ್ರಯೋಜನವಿಲ್ಲ. ಒಣಗಿಸುವಾಗ ಮುಚ್ಚಳ ತೆಗೆದು, ಬಲ್ಬಿನ ಶಾಖ ಕೊಟ್ಟು, ವೈಂಡಿಂಗ್ 80 ಡಿಗ್ರಿ ಮೀರದಂತೆ ನೋಡಿಕೊಳ್ಳಿ. ಶಾಖ ಶುರುವಾದಾಗ ಮೆಗ್ಗರ್ ರೀಡಿಂಗ್ ಮೊದಲು ಇಳಿಯುತ್ತದೆ, ಗಾಬರಿ ಬೇಡ. ತೇವ ಹೋದಂತೆ ಮತ್ತೆ ಏರುತ್ತದೆ. ತಣ್ಣಗಾದ ಮೇಲೆ ಇನ್ನೊಮ್ಮೆ ಅಳೆದೇ ವೈರು ಜೋಡಿಸಿ.