ಓದುಗರ ಪ್ರಶ್ನೆ: ಕಣ್ಣು ಮಂಜಾಗುತ್ತಿದ್ದಾಗಲೂ ಪಟ್ಟ ಗೆದ್ದ ಪೀಟ್ ಹರ್ಮನ್

ಹಿಂದಿನ ಸಂಚಿಕೆಯಲ್ಲಿ ಬಾಕ್ಸಿಂಗ್‌ನ ತೂಕ ವಿಭಾಗಗಳ ಬಗ್ಗೆ ಬರೆಯುವಾಗ, ಅಮೆರಿಕದ ಪೀಟ್ ಹರ್ಮನ್ ಎಂಬ ಬ್ಯಾಂಟಮ್‌ವೇಟ್ ಬಾಕ್ಸರ್ ಕಳೆದುಕೊಂಡ ವಿಶ್ವಪಟ್ಟವನ್ನು ಏಳು ತಿಂಗಳಲ್ಲಿ ಮರಳಿ ಗೆದ್ದನೆಂದೂ ಆಗಲೇ ಅವನ ದೃಷ್ಟಿ ಕುಂದುತ್ತಿತ್ತೆಂದೂ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆವು. ಅಷ್ಟು ದೊಡ್ಡ ವಿಷಯವನ್ನು ಅಷ್ಟು ಚಿಕ್ಕದಾಗಿ ಹೇಳಿದ್ದು ಸರಿಯಲ್ಲವೆಂದು ಹಲವರು ಬರೆದಿದ್ದಾರೆ. ಅವರ ಮಾತು ನ್ಯಾಯವಾದದ್ದು. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವನಿಗೇ ಮೀಸಲಿಟ್ಟಿದ್ದೇವೆ.

ಬ್ಯಾಂಟಮ್‌ವೇಟ್ ಎಂದರೆ ಎಷ್ಟು ತೂಕ? ಈ ಪೀಟ್ ಹರ್ಮನ್ ಯಾರು, ಎಲ್ಲಿಯವನು?
(ಓದುಗರೊಬ್ಬರು, ಹಾವೇರಿ)

ಬ್ಯಾಂಟಮ್ ಎಂಬುದು ಗಿಡ್ಡ ತಳಿಯ ಕೋಳಿಯ ಹೆಸರು. ಜಾವಾ ದ್ವೀಪದ ಬಂದರೊಂದರಿಂದ ಆ ಹೆಸರು ಬಂದಿತು. ಗಾತ್ರದಲ್ಲಿ ಚಿಕ್ಕದಾದರೂ ಕಾದಾಟಕ್ಕೆ ಹಿಂಜರಿಯದ ಹುಂಜವಾದ್ದರಿಂದ ಹಗುರ ತೂಕದ ಬಾಕ್ಸರುಗಳಿಗೆ ಆ ಹೆಸರು ಅಂಟಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ವಿಭಾಗದ ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ 118 ಪೌಂಡ್, ಅಂದರೆ ಸುಮಾರು 53.5 ಕಿಲೋ ಎಂದು ಗೊತ್ತುಮಾಡಿತು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಇಂದಿಗೂ ಅದೇ ಮಿತಿಯಿದೆ.

ಹರ್ಮನ್ ಹುಟ್ಟಿದ್ದು 1896ರ ಫೆಬ್ರವರಿ 12ರಂದು, ಲೂಸಿಯಾನಾ ರಾಜ್ಯದಲ್ಲಿ. ನಿಜವಾದ ಹೆಸರು ಪೀಟರ್ ಗುಲೋಟಾ. ಇಟಲಿ ಮೂಲದ ಕುಟುಂಬ. ಬೆಳೆದದ್ದು ನ್ಯೂ ಆರ್ಲಿಯನ್ಸ್ ನಗರದಲ್ಲಿ. ಅವನು ಹುಟ್ಟುವ ಐದು ವರ್ಷ ಮುಂಚೆ, 1891ರಲ್ಲಿ, ಅದೇ ನಗರದಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ ಹನ್ನೊಂದು ಮಂದಿ ಇಟಾಲಿಯನ್ನರನ್ನು ಕೊಂದಿತ್ತು. ಅಂಥ ಊರಿನಲ್ಲಿ ಇಟಾಲಿಯನ್ ಹುಡುಗನೊಬ್ಬ ಬೇರೆ ಹೆಸರಿಟ್ಟುಕೊಂಡು ರಿಂಗಿಗೆ ಇಳಿದದ್ದು ಅಚ್ಚರಿಯಲ್ಲ. ಅವನು ಮುಂದೆ ಯಾರಿಂದ ಪಟ್ಟ ಕಸಿದುಕೊಂಡನೋ ಆ ಕಿಡ್ ವಿಲಿಯಮ್ಸ್ ಕೂಡ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹುಟ್ಟಿ ಬಾಲ್ಟಿಮೋರಿನಲ್ಲಿ ನೆಲೆಸಿದವನು. ಅವನ ಮನೆತನದ ಹೆಸರು ಗುಟೆಂಕೊ.

ಬೂಟು ಪಾಲಿಶ್ ಮಾಡಿ ಕಾಸು ಸಂಪಾದಿಸುತ್ತಿದ್ದ ಪೀಟರ್ 1912ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಹಣಕ್ಕಾಗಿ ಕಾದಾಡತೊಡಗಿದ. ಎತ್ತರ ಐದು ಅಡಿ ಎರಡು ಇಂಚು ಮಾತ್ರ. ನಾಲ್ಕು ವರ್ಷ ಕಳೆಯುವುದರೊಳಗೆ, 1916ರ ಫೆಬ್ರವರಿಯಲ್ಲಿ, ವಿಶ್ವಪಟ್ಟಕ್ಕಾಗಿ ಕಿಡ್ ವಿಲಿಯಮ್ಸ್ ಎದುರು ಇಪ್ಪತ್ತು ಸುತ್ತು ಹೋರಾಡಿ ಸಮ ಮಾಡಿಕೊಂಡ. 1917ರ ಜನವರಿ 9ರಂದು ಅದೇ ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಇಪ್ಪತ್ತು ಸುತ್ತು ಕಾದಾಡಿ ವಿಲಿಯಮ್ಸನನ್ನು ಸೋಲಿಸಿ ಪಟ್ಟವೇರಿದಾಗ ಅವನಿಗೆ ಇಪ್ಪತ್ತೊಂದು ತುಂಬಲು ಇನ್ನೂ ಒಂದು ತಿಂಗಳು ಬಾಕಿಯಿತ್ತು.

ಅವನ ಪಂದ್ಯಗಳ ಪಟ್ಟಿಯಲ್ಲಿ ‘ತೀರ್ಪಿಲ್ಲ’ ಎಂಬ ಸಾಲುಗಳೇ ಎಲ್ಲೆಲ್ಲೂ ಕಾಣುತ್ತವೆ. ಗೆಲುವೂ ಅಲ್ಲದ ಸೋಲೂ ಅಲ್ಲದ ಪಂದ್ಯವೆಂದರೆ ಏನು? ನಾಲ್ಕು ವರ್ಷದ ಚಾಂಪಿಯನ್‌ಗಿರಿಯಲ್ಲಿ ಅವನು ಪಟ್ಟವನ್ನು ಪಣಕ್ಕಿಟ್ಟದ್ದು ತೀರ ಕಡಿಮೆಯಲ್ಲವೇ?
(ಓದುಗರೊಬ್ಬರು, ಮೈಸೂರು)

ಆ ಕಾಲದ ಅಮೆರಿಕದಲ್ಲಿ ಬಾಕ್ಸಿಂಗ್ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿತ್ತು. ನ್ಯೂಯಾರ್ಕಿನಲ್ಲಿ 1911ರಿಂದ 1917ರವರೆಗೆ ಜಾರಿಯಲ್ಲಿದ್ದ ಫ್ರಾಲಿ ಕಾಯಿದೆಯ ಪ್ರಕಾರ ಪಂದ್ಯ ಹತ್ತು ಸುತ್ತು ಮೀರುವಂತಿರಲಿಲ್ಲ. ಕೊನೆಯ ಸುತ್ತಿನ ತನಕ ಇಬ್ಬರೂ ನಿಂತಿದ್ದರೆ ಯಾರು ಗೆದ್ದರೆಂದು ರೆಫರಿ ಘೋಷಿಸುವಂತೆಯೂ ಇರಲಿಲ್ಲ. ಜೂಜಿನ ಹಣ ತೀರ್ಪಿನ ಮೇಲೆ ನಿಲ್ಲಬಾರದು, ತೀರ್ಪು ಕೊಡುವವರು ಮಾರಾಟವಾಗಬಾರದು ಎಂಬುದು ಅದರ ಉದ್ದೇಶ. ಇನ್ನೂ ಹಲವು ರಾಜ್ಯಗಳಲ್ಲಿ ಇಂಥದ್ದೇ ಕಟ್ಟಳೆಗಳಿದ್ದವು. ಹಾಗೆಂದು ಪಂದ್ಯ ಕಟ್ಟುವವರು ಸುಮ್ಮನಾಗಲಿಲ್ಲ. ರಿಂಗಿನ ಪಕ್ಕದಲ್ಲಿ ಕುಳಿತ ಪತ್ರಿಕಾ ವರದಿಗಾರರು ಮರುದಿನ ಯಾರು ಮೇಲುಗೈಯೆಂದು ಬರೆಯುತ್ತಿದ್ದರು, ಪಣ ಕಟ್ಟಿದವರು ಅದನ್ನೇ ತೀರ್ಪಾಗಿ ಒಪ್ಪಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಒಂದೇ ಪಂದ್ಯವನ್ನು ಎರಡು ಪತ್ರಿಕೆಗಳು ಇಬ್ಬರಿಗೆ ಕೊಟ್ಟ ಉದಾಹರಣೆಗಳಿಗೂ ಕೊರತೆಯಿಲ್ಲ.

ಚಾಂಪಿಯನ್ನನಿಗೆ ಇದರಿಂದ ದೊಡ್ಡ ಅನುಕೂಲವಿತ್ತು. ತೀರ್ಪಿಲ್ಲದ ಪಂದ್ಯದಲ್ಲಿ ನಾಕ್‌ಔಟ್ ಆಗದೆ ಕೊನೆಯವರೆಗೆ ನಿಂತರೆ ಸಾಕು, ಎಷ್ಟೇ ಪೆಟ್ಟು ತಿಂದಿದ್ದರೂ ಪಟ್ಟ ಅವನಲ್ಲೇ ಉಳಿಯುತ್ತಿತ್ತು. ಹರ್ಮನ್ ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡ ಎಂಬುದನ್ನು ಒಪ್ಪಲೇಬೇಕು. 1917ರ ನವೆಂಬರ್ 5ರಂದು ಜರ್ಸಿ ಸಿಟಿಯ ಫ್ರಾಂಕಿ ಬರ್ನ್ಸ್ ವಿರುದ್ಧ ನ್ಯೂ ಆರ್ಲಿಯನ್ಸ್‌ನಲ್ಲಿ ಇಪ್ಪತ್ತು ಸುತ್ತಿನ ನಿಜವಾದ ಪಟ್ಟದ ಪಂದ್ಯವಾಡಿ ಗೆದ್ದ ಮೇಲೆ, 1920ರ ಡಿಸೆಂಬರ್ ತನಕ ಅವನು ಆಡಿದ ಹೆಚ್ಚಿನ ಪಂದ್ಯಗಳು ತೀರ್ಪಿಲ್ಲದವೇ. ಇದು ಅವನ ವೃತ್ತಿಜೀವನದ ದುರ್ಬಲ ಭಾಗವೆಂದೇ ನಮ್ಮ ಅಭಿಪ್ರಾಯ.

ಫ್ರಾಂಕಿ ಬರ್ನ್ಸ್ ಬಗ್ಗೆ ಒಂದು ಮಾತು ಸೇರಿಸದೆ ಹೋಗಲಾಗದು. 1912ರಲ್ಲಿ ಜಾನಿ ಕೂಲನ್, 1915ರಲ್ಲಿ ಕಿಡ್ ವಿಲಿಯಮ್ಸ್, 1917ರಲ್ಲಿ ಹರ್ಮನ್, ಹೀಗೆ ಮೂವರು ಚಾಂಪಿಯನ್ನರ ಎದುರು ಮೂರು ಸಲವೂ ನ್ಯೂ ಆರ್ಲಿಯನ್ಸ್‌ನಲ್ಲೇ ಇಪ್ಪತ್ತಿಪ್ಪತ್ತು ಸುತ್ತು ನಿಂತು ಕಾದಾಡಿದ ಅವನಿಗೆ ಎರಡು ಸೋಲು, ಒಂದು ಸಮ ದಕ್ಕಿದವೇ ಹೊರತು ಪಟ್ಟ ದಕ್ಕಲಿಲ್ಲ. ಅವನ ಹೆಸರನ್ನೂ ಓದುಗರು ನೆನಪಿಟ್ಟುಕೊಳ್ಳಬೇಕೆಂದು ನಮ್ಮ ಆಸೆ.

ಲಂಡನ್ನಿನಲ್ಲಿ ಜಿಮ್ಮಿ ವೈಲ್ಡ್ ವಿರುದ್ಧ ಅವನು ಗೆದ್ದದ್ದು ತೂಕದ ಮೋಸದಿಂದ ಎಂದು ಓದಿದ್ದೇನೆ. ಇದು ನಿಜವೇ?
(ಓದುಗರೊಬ್ಬರು, ಬೆಂಗಳೂರು)

ನಡೆದದ್ದನ್ನು ಹೇಳುತ್ತೇವೆ. ವೇಲ್ಸಿನ ಗಣಿಗಳಲ್ಲಿ ದುಡಿದು ಬಂದ ಜಿಮ್ಮಿ ವೈಲ್ಡ್ ಆಗ ಫ್ಲೈವೇಟ್ ವಿಭಾಗದ ವಿಶ್ವ ಚಾಂಪಿಯನ್. ಆ ವಿಭಾಗದ ಮಿತಿಯೇ 112 ಪೌಂಡ್. ವೈಲ್ಡ್ ಅದಕ್ಕೂ ಎಷ್ಟೋ ಕಡಿಮೆ ತೂಗುತ್ತಿದ್ದ, ತನಗಿಂತ ಭಾರದವರನ್ನು ಕೆಡವಿಯೇ ಹೆಸರು ಮಾಡಿದ್ದ. 1921ರ ಜನವರಿ 13ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹರ್ಮನ್ ಜೊತೆ ಇಪ್ಪತ್ತು ಸುತ್ತಿನ ಪಂದ್ಯ ಗೊತ್ತಾಯಿತು. ಹರ್ಮನ್ ಬ್ಯಾಂಟಮ್ ಮಿತಿಯೊಳಗೆ ಇರಬೇಕೆಂಬುದು ಕರಾರು. ಮಧ್ಯಾಹ್ನ ತೂಕ ನೋಡಿಸಿದ್ದಾಗಿದೆ, ರಿಂಗಿಗೆ ಇಳಿಯುವ ಮುನ್ನ ಮತ್ತೆ ತಕ್ಕಡಿ ಹತ್ತುವುದಿಲ್ಲ ಎಂದು ಅವನ ಕಡೆಯವರು ಪಟ್ಟು ಹಿಡಿದರು. ಹೊಟ್ಟೆ ತುಂಬ ಉಂಡು ನೀರು ಕುಡಿದ ಮೇಲೆ ಅವನ ತೂಕ ಏರಿರುವುದು ಖಚಿತವಾಗಿದ್ದರಿಂದ ವೈಲ್ಡ್ ಆಡುವುದಿಲ್ಲ ಎಂದ. ಸಭಾಂಗಣ ತುಂಬಿತ್ತು, ವೇಲ್ಸ್ ರಾಜಕುಮಾರ ಎಡ್ವರ್ಡ್ ಕೂಡ ಬಂದು ಕುಳಿತಿದ್ದ. ರಾಜಕುಮಾರನ ಮಾತಿಗೆ ಓಗೊಟ್ಟು ವೈಲ್ಡ್ ಕೊನೆಗೆ ರಿಂಗಿಗೆ ಬಂದ. ಇದೇ ರಾಜಕುಮಾರ 1921-22ರ ಭಾರತ ಪ್ರವಾಸದಲ್ಲಿ ಮೈಸೂರಿಗೂ ಬಂದಿದ್ದ.

ತೂಕದ ಅನ್ಯಾಯ ನಡೆದದ್ದು ನಿಜ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ಪಂದ್ಯವನ್ನು ತೂಕವೊಂದೇ ಗೆಲ್ಲಿಸಿತು ಎಂದರೆ ನಾವು ಒಪ್ಪಲಾರೆವು. ತನಗಿಂತ ಹತ್ತು, ಹದಿನೈದು ಪೌಂಡ್ ಹೆಚ್ಚಿದ್ದವರನ್ನು ವೈಲ್ಡ್ ಎಷ್ಟೋ ಬಾರಿ ಮಣಿಸಿದ್ದ. ದೂರದಲ್ಲಿ ಸುಳಿದಾಡುತ್ತ, ಎದುರಾಳಿ ಕೈ ಬೀಸಿದಾಗ ಅಲ್ಲಿ ಇಲ್ಲದಂತಾಗಿ, ಮರುಕ್ಷಣವೇ ಅನಿರೀಕ್ಷಿತ ಕೋನದಿಂದ ಹೊಡೆಯುವುದು ಅವನ ವಿದ್ಯೆ. ಆ ರಾತ್ರಿ ಹರ್ಮನ್ ಅವನಿಗೆ ಆ ದೂರವನ್ನೇ ಕೊಡಲಿಲ್ಲ. ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ ಪಕ್ಕೆಗಳಿಗೆ ಹೊಡೆಯುತ್ತ ಅವನ ಕಾಲಿನ ಚುರುಕನ್ನು ಕ್ರಮೇಣ ಕಿತ್ತುಕೊಂಡ. ಹದಿನೇಳನೆಯ ಸುತ್ತಿನಲ್ಲಿ ವೈಲ್ಡ್ ಮತ್ತೆ ಮತ್ತೆ ಬಿದ್ದ, ಮತ್ತೆ ಮತ್ತೆ ಎದ್ದ. ತಾನಾಗಿ ಸೋಲೊಪ್ಪದ ಅವನನ್ನು ರೆಫರಿ ಜಾಕ್ ಸ್ಮಿತ್ ಹಿಡಿದೆತ್ತಿ ಪಂದ್ಯ ನಿಲ್ಲಿಸಬೇಕಾಯಿತು. ಹರ್ಮನ್ ತನಗಿಂತ ಉತ್ತಮ ಬಾಕ್ಸರ್ ಆಗಿದ್ದುದರಿಂದಲೇ ಗೆದ್ದ ಎಂದು ಮುಂದೆ ವೈಲ್ಡನೇ ಒಪ್ಪಿಕೊಂಡ. ಸೋತವನೇ ಹಾಗೆ ಹೇಳಿದ ಮೇಲೆ ಮೋಸವೆಂಬ ಒಂದು ಪದದಲ್ಲಿ ಆ ಪಂದ್ಯವನ್ನು ಮುಗಿಸುವುದು ಇಬ್ಬರಿಗೂ ಮಾಡುವ ಅಪಚಾರ.

ನಾನು ಬಾಕ್ಸಿಂಗ್ ಕಲಿಯುತ್ತಿರುವ ಕಾಲೇಜು ವಿದ್ಯಾರ್ಥಿ. ಒಂದು ಕಣ್ಣು ಹಾಳಾದವನು ಇನ್ನೊಬ್ಬರ ಹೊಡೆತ ತಪ್ಪಿಸಿಕೊಂಡು ಚಾಂಪಿಯನ್ ಆಗಿ ಉಳಿಯುವುದು ಹೇಗೆ ಸಾಧ್ಯ?
(ಓದುಗರೊಬ್ಬರು, ಬಳ್ಳಾರಿ)

ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಎರಡು ಕೈಗಳಲ್ಲಿ ಎರಡು ಪೆನ್ಸಿಲ್ ಹಿಡಿದು, ತೋಳುಗಳನ್ನು ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿಕೊಂಡು ಅವುಗಳ ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಲು ಯತ್ನಿಸಿ. ಮೊನೆಗಳು ಒಂದರ ಪಕ್ಕ ಇನ್ನೊಂದು ಜಾರಿ ಹೋಗುವುದೇ ಹೆಚ್ಚು. ಹತ್ತಿರದ ವಸ್ತುವಿನ ದೂರವನ್ನು ಮಿದುಳು ಅಳೆಯುವುದು ಬಹುಮಟ್ಟಿಗೆ ಎರಡು ಕಣ್ಣುಗಳ ನೋಟವನ್ನು ಹೋಲಿಸಿ. ತೋಳಳತೆಯ ದೂರದಲ್ಲಿ ನಿಂತು ಕಾದಾಡುವ ಬಾಕ್ಸರನಿಗೆ ಒಂದು ಕಣ್ಣು ಹೋದರೆ, ಬರುತ್ತಿರುವ ಮುಷ್ಟಿ ಇನ್ನೂ ಗೇಣು ದೂರವಿದೆಯೋ ಮೂಗಿನ ಮೇಲೆಯೇ ಇದೆಯೋ ತಿಳಿಯದು.

ಈಗ ಆ ದೂರವನ್ನೇ ಇಲ್ಲವಾಗಿಸಿದರೆ? ಹರ್ಮನ್ ಮಾಡಿದ್ದು ಅದನ್ನೇ. ಹತ್ತಿರದ ಕಾದಾಟದಲ್ಲಿ, ಅದರಲ್ಲೂ ದೇಹಕ್ಕೆ ಹೊಡೆಯುವುದರಲ್ಲಿ, ಅವನಷ್ಟು ಪಳಗಿದವರು ಆ ವಿಭಾಗದಲ್ಲಿ ವಿರಳ. ಈ ಶೈಲಿಯಲ್ಲಿ ಹಣೆಯನ್ನು ಎದುರಾಳಿಯ ಹೆಗಲಿನ ಗುಳಿಗೆ ಆನಿಸಿ ನಿಲ್ಲಬೇಕು. ಒಂದು ಮುಂಗೈ ಅವನ ತೋಳಿನ ಒಳಬದಿಗೆ ತಾಗಿಕೊಂಡಿರಬೇಕು. ಹೊಡೆಯುವ ಮುನ್ನ ತೋಳಿನ ಸ್ನಾಯು ಬಿಗಿಯುತ್ತದೆ, ಸೊಂಟ ತುಸು ತಿರುಗುತ್ತದೆ, ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಇದೆಲ್ಲ ಕಣ್ಣಿಗೆ ಕಾಣುವ ಮೊದಲೇ ಚರ್ಮಕ್ಕೆ ಗೊತ್ತಾಗುತ್ತದೆ. ಆ ಕ್ಷಣದಲ್ಲೇ ಮೊಣಕೈಯಿಂದ ಅವನ ಹೊಡೆತವನ್ನು ತಡೆದು, ಇನ್ನೊಂದು ಕೈಯಿಂದ ಪಕ್ಕೆಲುಬಿನ ಕೆಳಗೆ ಗಿಡ್ಡ ಹೊಡೆತ ಕೊಡಬೇಕು. ಬಾವಿಯೊಳಗೆ ಇಳಿದವನು ಕತ್ತಲಲ್ಲಿ ಕಲ್ಲಿನ ಸಂದನ್ನು ಬೆರಳಿನಿಂದಲೇ ಅರಿಯುವಂತೆ ಅವನು ಎದುರಾಳಿಯ ಮೈಯನ್ನು ಅರಿಯುತ್ತಿದ್ದ ಎಂದು ನಮಗೆ ತೋರುತ್ತದೆ. ಅವನ ಎಲ್ಲ ಗೆಲುವುಗಳಿಗಿಂತ ಈ ವಿದ್ಯೆಯೇ ನಮ್ಮನ್ನು ಹೆಚ್ಚು ಬೆರಗುಗೊಳಿಸಿದೆ. ಕಣ್ಣಿದ್ದಾಗಲೇ ಅದನ್ನು ಕಲಿತಿದ್ದರಿಂದ ಕಣ್ಣು ಕೈಕೊಟ್ಟಾಗ ಅದು ಅವನನ್ನು ಕಾಯಿತು.

ಆದರೆ ದಯವಿಟ್ಟು ಇದನ್ನು ಅನುಕರಣೆಗೆ ಯೋಗ್ಯವಾದ ಧೈರ್ಯವೆಂದು ತಿಳಿಯಬೇಡಿ. ರಿಂಗಿನಲ್ಲಿ ಕಣ್ಣಿಗೆ ಪೆಟ್ಟು ಬಿದ್ದ ಮೇಲೂ ಅವನು ಆಡುತ್ತ ಹೋದದ್ದಕ್ಕೆ ತೆತ್ತ ಬೆಲೆ ಪೂರ್ಣ ಕುರುಡುತನ. ಅದೇ ಕಾಲದ ಮಿಡಲ್‌ವೇಟ್ ಚಾಂಪಿಯನ್ ಹ್ಯಾರಿ ಗ್ರೆಬ್ ಒಂದು ಕಣ್ಣಿನ ದೃಷ್ಟಿ ಹೋದದ್ದನ್ನು ಬಚ್ಚಿಟ್ಟು ಆಡಿದ. ಹೆವಿವೇಟ್ ವಿಭಾಗದ ಸ್ಯಾಮ್ ಲ್ಯಾಂಗ್‌ಫರ್ಡ್ ಕೂಡ ಕೊನೆಗೆ ಕಣ್ಣು ಕಳೆದುಕೊಂಡ. ಆಗಿನ ಕೈಗವಸಿನ ಹೆಬ್ಬೆರಳು ಬಿಡಿಯಾಗಿ ಇರುತ್ತಿದ್ದುದರಿಂದ ಅದು ನೇರವಾಗಿ ಕಣ್ಣಿಗೆ ಚುಚ್ಚುತ್ತಿತ್ತು. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪೊರೆಯಾದ ಅಕ್ಷಿಪಟಲ (ರೆಟಿನಾ) ಕಳಚಿದರೆ ಭರವಸೆಯ ಚಿಕಿತ್ಸೆಯೂ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಜೂಲ್ ಗೋನಿನ್ ರೂಪಿಸಿದ ಶಸ್ತ್ರಚಿಕಿತ್ಸೆಯನ್ನು ವೈದ್ಯಲೋಕ ಒಪ್ಪಿಕೊಂಡಾಗ 1920ರ ದಶಕ ಮುಗಿಯುತ್ತ ಬಂದಿತ್ತು, ಹರ್ಮನ್ ರಿಂಗ್ ಬಿಟ್ಟು ವರ್ಷಗಳಾಗಿದ್ದವು. ಇಂದು ಹಾಗಿಲ್ಲ. ಪೆಟ್ಟು ಬಿದ್ದ ಮೇಲೆ ಕಣ್ಣ ಮುಂದೆ ಮಿಂಚು ಹೊಳೆದಂತಾದರೆ, ಕಪ್ಪು ಚುಕ್ಕೆಗಳು ತೇಲಿದರೆ, ಅಂಚಿನಿಂದ ಪರದೆ ಇಳಿದಂತೆ ಕಂಡರೆ ಅಂದೇ ನೇತ್ರತಜ್ಞರಲ್ಲಿಗೆ ಹೋಗಿ. ಕೋಚ್ ಬೈಯುತ್ತಾರೆಂದು ಮುಚ್ಚಿಡಬೇಡಿ.

ಲಂಡನ್ನಿಗೆ ಹೊರಡುವ ಮುನ್ನ ಹರ್ಮನ್ ಪಟ್ಟವನ್ನು ಬೇಕೆಂದೇ ಬಿಟ್ಟುಕೊಟ್ಟ ಎಂಬ ಮಾತಿದೆಯಲ್ಲ?
(ಓದುಗರೊಬ್ಬರು, ಮಂಗಳೂರು)

ಮಾತಿದೆ. 1920ರಲ್ಲಿ ವಾಕರ್ ಕಾಯಿದೆ ಬಂದು ನ್ಯೂಯಾರ್ಕಿನಲ್ಲಿ ಹದಿನೈದು ಸುತ್ತಿನ, ತೀರ್ಪುಳ್ಳ ಪಂದ್ಯಗಳಿಗೆ ದಾರಿಯಾಯಿತು. ಅದೇ ಡಿಸೆಂಬರ್ 22ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಅವನಿಗಿಂತ ಐದಾರು ಇಂಚು ಎತ್ತರದ ಜೋ ಲಿಂಚ್ ತೀರ್ಪಿನ ಮೇಲೆ ಪಟ್ಟ ಗೆದ್ದುಕೊಂಡ. ಮೂರು ವಾರದಲ್ಲಿ ಹರ್ಮನ್ ಲಂಡನ್ನಿನಲ್ಲಿ ಅಷ್ಟು ಅಮೋಘವಾಗಿ ಆಡಿದ. 1921ರ ಜುಲೈ 25ರಂದು ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ ಅದೇ ಲಿಂಚ್‌ನನ್ನು ಹದಿನೈದು ಸುತ್ತಿನಲ್ಲಿ ಸೋಲಿಸಿ ಪಟ್ಟ ಹಿಂದಕ್ಕೆ ಪಡೆದ. ಪಟ್ಟವನ್ನು ಸಾಗರದಾಚೆ ಅಪಾಯಕ್ಕೆ ಒಡ್ಡದಿರಲೆಂದು ಅದನ್ನು ನ್ಯೂಯಾರ್ಕಿನಲ್ಲಿ ‘ಅಡವಿಟ್ಟು’ ಹೋದನೆಂಬ ಶಂಕೆ ಹುಟ್ಟಿದ್ದು ಈ ತಾರೀಖುಗಳ ಜೋಡಣೆಯಿಂದ. ಶಂಕೆಗೆ ಪುರಾವೆಯ ಬಲವಿಲ್ಲ. ಕಣ್ಣು ಮಂಜಾಗುತ್ತಿದ್ದ ಗಿಡ್ಡ ಬಾಕ್ಸರನೊಬ್ಬ ಉದ್ದ ತೋಳಿನ ಎದುರಾಳಿಗೆ ಒಂದು ರಾತ್ರಿ ಸೋಲುವುದಕ್ಕೆ ಒಳಸಂಚಿನ ಕಾರಣ ಬೇಕಿಲ್ಲ ಎಂಬುದಷ್ಟೇ ನಮ್ಮ ಮಾತು.

ಕೊನೆಗೆ ಅವನು ಏನಾದ?
(ಓದುಗರೊಬ್ಬರು, ಶಿರಸಿ)

ಮರಳಿ ಗೆದ್ದ ಪಟ್ಟ ಎರಡೇ ತಿಂಗಳು ಉಳಿಯಿತು. 1921ರ ಸೆಪ್ಟೆಂಬರ್ 23ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಮೂವತ್ಮೂರು ವರ್ಷದ ಜಾನಿ ಬಫ್ ಅವನನ್ನು ಹದಿನೈದು ಸುತ್ತಿನ ತೀರ್ಪಿನಲ್ಲಿ ಸೋಲಿಸಿದ. 1922ರಲ್ಲಿ, ಇಪ್ಪತ್ತಾರರ ವಯಸ್ಸಿಗೆ, ಹರ್ಮನ್ ಕೈಗವಸು ಕಳಚಿಟ್ಟ. ಆಮೇಲೆ ದೃಷ್ಟಿ ಪೂರ್ಣವಾಗಿ ಹೋಯಿತು. ಆದರೂ ನ್ಯೂ ಆರ್ಲಿಯನ್ಸ್ ಬಿಡಲಿಲ್ಲ. ಹಳೆಯ ಫ್ರೆಂಚ್ ಕ್ವಾರ್ಟರ್ ಬಡಾವಣೆಯಲ್ಲಿ ನೈಟ್‌ಕ್ಲಬ್ ತೆರೆದು ಬಹುಕಾಲ ನಡೆಸಿದ. 1973ರ ಏಪ್ರಿಲ್ 13ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಅದೇ ನಗರದಲ್ಲಿ ತೀರಿಕೊಂಡ. ಅವನಂತೆಯೇ ಫೆಬ್ರವರಿ 12ರಂದು ಹುಟ್ಟಿದ್ದ ಹಿಂದಿನ ಚಾಂಪಿಯನ್ ಜಾನಿ ಕೂಲನ್ ತೀರಿಕೊಂಡದ್ದೂ ಅದೇ ವರ್ಷ, ಶಿಕಾಗೋದಲ್ಲಿ. 1997ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಹರ್ಮನ್ ಹೆಸರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು.