ಪುಣೆಯಲ್ಲಿ ಮಗ, ಜತ್ತದಲ್ಲಿ ಅವ್ವ

ಎಚ್‌ಐವಿ ಗುಳಿಗೆಯನ್ನು ಸರ್ಕಾರವೇ ಪುಕ್ಕಟೆ ಕೊಡುವಾಗ, ರೋಗಿಯನ್ನು ನೋಡಿಕೊಳ್ಳುವ ಮನೆಯ ಮುದುಕರಿಗೇನು ಕಷ್ಟ ಎಂದು ಕೆಲವರು ಕೇಳುತ್ತಾರೆ. ಕೊಡುವುದು ನಿಜ, 2004ರ ಏಪ್ರಿಲ್‌ನಿಂದ. ಕಷ್ಟವಿರುವುದು ಪುಣೆಗೂ ಊರಿಗೂ ನಡುವಿನ ದಾರಿಯಲ್ಲಿ.

ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟ ಕಡೆಯ ಕನ್ನಡ ಮನೆಗಳಿಂದ ಗಂಡ-ಹೆಂಡತಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಊರಲ್ಲಿ ಅಜ್ಜ-ಆಯಿಯ ಹತ್ತಿರ. ಪುಣೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರದಲ್ಲಿ ಹೆಸರು ಹಚ್ಚಿಸಿದ ಮಗ ಹಾಸಿಗೆ ಹಿಡಿದಾಗ ನೆನಪಾಗುವುದು ಅವ್ವ. ಅರ್ಧ ಡಬ್ಬಿ ಗುಳಿಗೆಯೊಂದಿಗೆ ಊರಿಗೆ ಬರುತ್ತಾನೆ. ಡಬ್ಬಿ ತೀರಿದ ಮೇಲೆ ‘ಪುಣೆಗೆ ಹೋದಾಗ ತಂದರಾಯಿತು’ ಎನ್ನುತ್ತಾರೆ. ಹೀಗೆ ಬಿಟ್ಟು ಬಿಟ್ಟು ನುಂಗಿದರೆ ವೈರಸ್ ಆ ಔಷಧಿಗೆ ಬಗ್ಗುವುದಿಲ್ಲ.

ಪುಣೆ ಬಿಡುವ ಮುಂಚೆಯೇ ಕೇಂದ್ರದಲ್ಲಿ ವರ್ಗಾವಣೆ ಚೀಟಿ ಬರೆಸಿಕೊಳ್ಳಬೇಕು. ಚೀಟಿ ಇಲ್ಲದೆ ಬಂದಿದ್ದರೂ ಚಿಕಿತ್ಸೆಯ ಪುಸ್ತಕ, ಖಾಲಿ ಡಬ್ಬಿ ಹಿಡಿದು ಹತ್ತಿರದ ಕೇಂದ್ರಕ್ಕೆ ಹೋಗಿ. ಕಾರ್ಯಕ್ರಮ ಇಡೀ ದೇಶಕ್ಕೆ ಒಂದೇ, ಹಾಗಾಗಿ ಜತ್ತ ತಾಲೂಕಿನ ಉಮದಿ ಕಡೆಯವರು ಕರ್ನಾಟಕದ ವಿಜಯಪುರದಲ್ಲೂ ಕೇಳಬಹುದು. ರೇಷನ್ ಕಾರ್ಡು ಮಹಾರಾಷ್ಟ್ರದ್ದು ಎಂದು ಹಿಂಜರಿಯಬೇಡಿ. ಸಂಶಯವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಈಗ ದೊಡ್ಡವರಲ್ಲಿ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಅವ್ವ ಅಕ್ಕರೆಯಿಂದ ತಪ್ಪು ಮಾಡುವುದು ಇಲ್ಲೇ. ಮಗ ಸೊರಗಿದ್ದಾನೆಂದು ಕಬ್ಬಿಣಾಂಶದ್ದೋ ಕ್ಯಾಲ್ಸಿಯಂದೋ ಗುಳಿಗೆ, ಹೊಟ್ಟೆ ಉರಿದರೆ ಆಸಿಡಿಟಿ ಔಷಧಿ, ಎಲ್ಲ ಒಟ್ಟಿಗೆ ಕೊಡುತ್ತಾಳೆ. ಹಾಗೆ ಕೊಟ್ಟರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಚ್‌ಐವಿ ಗುಳಿಗೆ ಅವಕ್ಕಿಂತ 2 ತಾಸು ಮೊದಲು, ಇಲ್ಲವೆ 6 ತಾಸು ನಂತರ ಆಗಬೇಕು. ಟಿಬಿಗೆ ರಿಫಾಂಪಿಸಿನ್ ನಡೆದಿದ್ದರೆ 12 ತಾಸಿನ ಮೇಲೆ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕು. ಊರಿಗೆ ಬಂದ ಗಡಿಬಿಡಿಯಲ್ಲಿ ಈ ಎರಡನೆಯದು ಬಿಟ್ಟುಹೋಗುತ್ತದೆ. ಪುಣೆಯ ಚೀಟಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ, ಆಯಿಗೆ ಬರುವುದು ಕನ್ನಡ. ಡಬ್ಬಿಯ ಮೇಲೆ ಕನ್ನಡದಲ್ಲಿ ಹೊತ್ತು ಬರೆದು ಅಂಟಿಸಿ.

ತಾಟು, ಹಾಸಿಗೆ ಬೇರೆ ಮಾಡುವುದು ಬೇಡ. ರಕ್ತ, ಗಾಯ ಮುಟ್ಟುವಾಗ ಮಾತ್ರ ಕೈಗವಸು.

ಮಗ ತೀರಿಕೊಂಡರೆ ನನಗೆ ಹೆಚ್ಚು ಚಿಂತೆ ಸೊಸೆಯ ಬಗ್ಗೆ. ‘ನಿನ್ನಿಂದಲೇ ಬಂತು’ ಎಂದು ಹೊರಹಾಕುತ್ತಾರೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಅವಳಿಗೆ ಆ ಮನೆಯಲ್ಲಿರುವ ಹಕ್ಕು ಕೊಟ್ಟಿದೆ. ಮರಣ ಪುಣೆಯಲ್ಲಾಗಿದ್ದರೆ 21 ದಿನದೊಳಗೆ ಅಲ್ಲಿಯೇ ನೋಂದಣಿ ಮಾಡಿಸಿ ಪ್ರಮಾಣಪತ್ರ ತನ್ನಿ. ತಡವಾದಷ್ಟೂ ಅಲೆದಾಟ. ಮೊಮ್ಮಕ್ಕಳಿಗೆ ಬಾಲ ಸಂಗೋಪನ ಯೋಜನೆ (ಅಪ್ಪ-ಅವ್ವನ ಆಸರೆ ತಪ್ಪಿದ ಮಕ್ಕಳ ಪಾಲನೆಗೆ ಮಹಾರಾಷ್ಟ್ರ ಸರ್ಕಾರದ ನೆರವು) ಕೇಳಲು ಅದು ಬೇಕೇ ಬೇಕು.

ಮೊಮ್ಮಗುವಿಗೂ ಸೋಂಕಿದ್ದರೆ ಔಷಧಿಯ ಪ್ರಮಾಣ ತೂಕದ ಮೇಲೆ. ಪ್ರತಿ ಭೇಟಿಯಲ್ಲಿ ತೂಗಿಸಿ. ಆಯಿ ರೋಗದ ಹೆಸರು ಹೇಳದೆ ‘ಶಕ್ತಿ ಗುಳಿಗೆ’ ಎಂದು ನುಂಗಿಸುತ್ತಿರುತ್ತಾಳೆ. ಹದಿಮೂರು-ಹದಿನಾಲ್ಕಕ್ಕೆ ಹುಡುಗ ‘ನನಗೆ ಶಕ್ತಿ ಇದೆಯಲ್ಲ’ ಎಂದು ಬಿಟ್ಟುಬಿಡುತ್ತಾನೆ. ಆರೇಳು ವರ್ಷದಿಂದಲೇ ಆಪ್ತಸಮಾಲೋಚಕರ ಎದುರು ಸ್ವಲ್ಪಸ್ವಲ್ಪವಾಗಿ ಹೇಳುತ್ತ, ಹನ್ನೆರಡರೊಳಗೆ ಪೂರ್ತಿ ತಿಳಿಸಬೇಕು.

ಕೇಂದ್ರಕ್ಕೆ ಹೋಗಿಬರಲು ಮಹಾರಾಷ್ಟ್ರದ ಎಸ್‌ಟಿ (ಸರ್ಕಾರಿ) ಬಸ್ಸಿನಲ್ಲಿ 75 ದಾಟಿದವರಿಗೆ ಪ್ರಯಾಣ ಪುಕ್ಕಟೆ. ಆದರೆ ಆಯಿಯ ಮಂಡಿ ನಡೆಯಗೊಡಬೇಕಲ್ಲ. ಗುಳಿಗೆಯ ಹೊತ್ತು, ಮುಂದಿನ ತಾರೀಖು, ಪುಸ್ತಕ ಇಟ್ಟ ಜಾಗ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ, ಸೋದರತ್ತೆಗಾದರೂ.